ದ್ರಾವಣಗಳ ಕುದಿಬಿಂದುವಿನ ಏರಿಕೆಯೂ ಅದರ ಗಣನೆಯೂ

ಕುದಿಯುವ ನೀರು ಮೈಮೇಲೆ ಬಿದ್ದುದಕ್ಕಿಂತ ಕುದಿಯುವ ಸಕ್ಕರೆಯ ಪಾಕವು ಬಿದ್ದರೆ ಸುಡುವುದು ಹೆಚ್ಚೆಂಬುದನ್ನು ಅಡಿಗೆಯವರೆಲ್ಲರೂ ಬಲ್ಲರು. ಪಾಕವು ಮೈಗೆ ಅಂಟಿಕೊಳ್ಳುವುದು ಇದಕ್ಕೆ ಒಂದು ಕಾರಣ. ಅದು ನೀರಿಗಿಂತ ಹೆಚ್ಚಿನ ಉಷ್ಣಮಾನದಲ್ಲಿ ಕುದಿಯುವುದು ಇನ್ನೊಂದು ಕಾರಣ. ನೀರಿನಲ್ಲಿ ಯಾವುದಾದರೂ ಘನಪದಾರ್ಥವು ಕರಗಿದರೆ ಅದರ ಕುದಿಬಿಂದುವು ಮೇಲಕ್ಕೇರುವುದೆಂಬ ಈ ಸಂಗತಿಯು ಬಹುಕಾಲದಿಂದ ತಿಳಿದುದೇ ಆಗಿದ್ದಿತು. ಆದರೆ ಆ ಏರಿಕೆಗೆ ಒಂದು ಲೆಕ್ಕವುಂಟೆಂಬುದೂ, ಆ ಲೆಕ್ಕದಿಂದ ಕಣ್ಣಿಗೆ ಕಾಣದ ಅಣುವಿನ ತೂಕವನ್ನು ತಿಳಿಯಬಹುದೆಂಬುದೂ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮಾತ್ರ ಸ್ಪಷ್ಟವಾದುವು. ಆ ಲೆಕ್ಕದ ಸ್ವರೂಪವೇನು, ಅದು ಏನನ್ನು ಬಯಲಿಗೆ ತಂದಿತು ಎಂಬುದು ಇಲ್ಲಿಯ ವಿಷಯ.

ಮೊದಲು ಪರಿಭಾಷೆ. ಕರಗಿಸಿಕೊಳ್ಳುವ ದ್ರವವು ದ್ರಾವಕ. ಅದರಲ್ಲಿ ಕರಗುವ ವಸ್ತುವು ದ್ರಾವ್ಯ. ಎರಡೂ ಸೇರಿದುದು ದ್ರಾವಣ. ಅಣುಗಳನ್ನು ಒಂದೊಂದಾಗಿ ಎಣಿಸುವುದು ಅಸಾಧ್ಯವಾದುದರಿಂದ ರಸಾಯನಶಾಸ್ತ್ರಜ್ಞರು ಅವನ್ನು ಮೋಲ್ ಎಂಬ ದೊಡ್ಡ ಗುಂಪಿನಿಂದ ಎಣಿಸುವರು. ಒಂದು ವಸ್ತುವಿನ ಅಣುಭಾರವೆಷ್ಟೋ ಅಷ್ಟು ಗ್ರಾಂ ತೂಕದ ಆ ವಸ್ತುವು ಒಂದು ಮೋಲ್. ನೀರಿಗೆ ಅದು 18 ಗ್ರಾಂ, ಯೂರಿಯಕ್ಕೆ 60 ಗ್ರಾಂ, ಕಬ್ಬಿನ ಸಕ್ಕರೆಗೆ 342 ಗ್ರಾಂ. ತೂಕಗಳು ಬೇರೆಯಾದರೂ ಈ ಮೂರರಲ್ಲಿಯೂ ಅಣುಗಳ ಸಂಖ್ಯೆಯು ಒಂದೇ.

ಇನ್ನು ಕುದಿಯುವುದೆಂದರೇನು? ಪ್ರತಿಯೊಂದು ದ್ರವವೂ ಎಲ್ಲ ಉಷ್ಣಮಾನಗಳಲ್ಲಿಯೂ ಆವಿಯನ್ನು ಹೊರಡಿಸುತ್ತಿರುವುದು; ಶಾಖವೇರಿದಂತೆ ಆ ಆವಿಯ ಒತ್ತಡವೂ ಏರುವುದು. ಅದು ಮೇಲಿನ ವಾಯುವಿನ ಒತ್ತಡಕ್ಕೆ ಸಮನಾದಾಗ ದ್ರವವು ಕುದಿಯುವುದು. ಸಮುದ್ರಮಟ್ಟದಲ್ಲಿ ವಾಯುವಿನ ಒತ್ತಡವು ಪಾದರಸದ 760 ಮಿಲಿಮೀಟರಿನಷ್ಟಿರುವುದರಿಂದ ಶುದ್ಧಜಲವು 100 ಡಿಗ್ರಿ ಸೆಲ್ಸಿಯಸಿನಲ್ಲಿ ಕುದಿಯುವುದು. ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವಾಯುವಿನ ಒತ್ತಡವು ಕಡಮೆ. ಅಲ್ಲಿ ನೀರು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುವುದು. ಆದುದರಿಂದ ದ್ರಾವಣವು ಇಷ್ಟು ಡಿಗ್ರಿಯಲ್ಲಿ ಕುದಿಯಿತೆಂದು ಹೇಳಿದ ಮಾತ್ರಕ್ಕೆ ಏನೂ ತಿಳಿದಂತಾಗದು. ಅದೇ ಸ್ಥಳದಲ್ಲಿ, ಅದೇ ಹೊತ್ತಿನಲ್ಲಿ ಶುದ್ಧ ದ್ರಾವಕವು ಕುದಿಯುವ ಉಷ್ಣಮಾನವನ್ನೂ ಅಳೆದು ಎರಡರ ಅಂತರವನ್ನು ತೆಗೆದುಕೊಳ್ಳಬೇಕು. ಆ ಅಂತರಕ್ಕೇ ಏರಿಕೆಯೆಂದು ಹೆಸರು.

ಏರಿಕೆಯ ಕಾರಣವನ್ನು ತಿಳಿಯಲು ಫ್ರಾನ್ಸಿನ ಗ್ರೆನೋಬ್ಲ್ ನಗರದ ಫ್ರಾಂಸ್ವಾ ಮಾರಿ ರಾವುಲ್ (1830–1901) ಕಂಡ ನಿಯಮವು ಸಾಕು. ಆವಿಯಾಗದ ದ್ರಾವ್ಯವೊಂದು ಸೇರಿದಾಗ, ದ್ರಾವಣದ ಒಟ್ಟು ಅಣುಗಳಲ್ಲಿ ದ್ರಾವ್ಯದ ಅಣುಗಳ ಪಾಲು ಎಷ್ಟೋ, ದ್ರಾವಕದ ಆವಿಯ ಒತ್ತಡವು ಅಷ್ಟೇ ಪಾಲು ತಗ್ಗುವುದೆಂಬುದು ಆ ನಿಯಮದ ಸಾರ. ಇದರಿಂದಲೇ ಒಂದು ಲೆಕ್ಕವನ್ನು ಮಾಡಿ ನೋಡಬಹುದು. ಒಂದು ಕಿಲೋಗ್ರಾಂ ನೀರಿನಲ್ಲಿ ಸುಮಾರು 55.5 ಮೋಲ್ ನೀರುಂಟು. ಅದರಲ್ಲಿ ಒಂದು ಮೋಲ್ ಸಕ್ಕರೆಯನ್ನು ಕರಗಿಸಿದರೆ ಸಕ್ಕರೆಯ ಪಾಲು 56.5ರಲ್ಲಿ ಒಂದು. ಆದುದರಿಂದ 100 ಡಿಗ್ರಿಯಲ್ಲಿ 760 ಮಿಲಿಮೀಟರ್ ಇರಬೇಕಾದ ಆವಿಯ ಒತ್ತಡವು ಸುಮಾರು 13.5 ಮಿಲಿಮೀಟರಿನಷ್ಟು ತಗ್ಗಿ ನೀರು ಕುದಿಯದೆ ನಿಲ್ಲುವುದು. ನೂರು ಡಿಗ್ರಿಯ ಸಮೀಪದಲ್ಲಿ ಶಾಖವು ಒಂದು ಡಿಗ್ರಿ ಏರಿದರೆ ನೀರಿನ ಆವಿಯ ಒತ್ತಡವು ಸುಮಾರು 27 ಮಿಲಿಮೀಟರ್ ಏರುವುದು. ಹಾಗಾದರೆ 13.5 ಮಿಲಿಮೀಟರಿನ ಕೊರತೆಯನ್ನು ತುಂಬಲು ಬೇಕಾದುದು ಅರ್ಧ ಡಿಗ್ರಿ. ಕುದಿಬಿಂದುವಿನ ಏರಿಕೆಯೆಂದರೆ ಈ ಕೊರತೆಯನ್ನು ತುಂಬಿಕೊಡುವ ಶಾಖವೇ ಹೊರತು ಬೇರೆಯಲ್ಲ.

ಸೂಕ್ಷ್ಮವಾದ ಗಣನೆಯಿಂದ ನೀರಿಗೆ ದೊರೆಯುವ ಅಂಕವು 0.512. ಉಷ್ಣಗತಿಶಾಸ್ತ್ರದ ಸೂತ್ರದಂತೆ, ಅನಿಲಸ್ಥಿರಾಂಕ 8.314ನ್ನು ನಿರಪೇಕ್ಷ ಕುದಿಬಿಂದು 373.15ರ ವರ್ಗದಿಂದ ಗುಣಿಸಿ, ಒಂದು ಕಿಲೋಗ್ರಾಂ ನೀರನ್ನು ಆವಿಮಾಡಲು ಬೇಕಾದ 22,57,000 ಜೂಲ್ ಗುಪ್ತಶಾಖದಿಂದ ಭಾಗಿಸಿದರೂ ಇದೇ ಅಂಕವು ಬರುವುದು. ಈ ಸ್ಥಿರಾಂಕವು ದ್ರಾವಕವನ್ನು ಅವಲಂಬಿಸಿದೆಯೇ ಹೊರತು ದ್ರಾವ್ಯವನ್ನಲ್ಲ. ಆದಕಾರಣ ನಿಯಮವು ಹೀಗಾಗುವುದು: ಒಂದು ಕಿಲೋಗ್ರಾಂ ದ್ರಾವಕದಲ್ಲಿ ಕರಗಿರುವ ಮೋಲುಗಳ ಸಂಖ್ಯೆಯನ್ನು ಸ್ಥಿರಾಂಕದಿಂದ ಗುಣಿಸಿದರೆ ಏರಿಕೆ. ಒಂದು ಕಿಲೋಗ್ರಾಂ ನೀರಿನಲ್ಲಿ 171 ಗ್ರಾಂ ಸಕ್ಕರೆಯೆಂದರೆ ಅರ್ಧ ಮೋಲ್, ಏರಿಕೆ 0.256 ಡಿಗ್ರಿ. ಅಷ್ಟೇ ನೀರಿನಲ್ಲಿ 30 ಗ್ರಾಂ ಯೂರಿಯವನ್ನು ಕರಗಿಸಿದರೂ ಅದೇ 0.256. ಒಂದರ ತೂಕವು ಮತ್ತೊಂದರ ಐದು ಪಾಲಿಗೂ ಮಿಕ್ಕಿದುದು, ಗುಣಗಳಲ್ಲಿಯೂ ಸಾಮ್ಯವಿಲ್ಲ. ಆದರೂ ಫಲವು ಒಂದೇ. ನೀರು ಗಮನಿಸುವುದು ಕರಗಿದ ವಸ್ತುವಿನ ಜಾತಿಯನ್ನಲ್ಲ, ತೂಕವನ್ನಲ್ಲ, ಎಣಿಕೆಯನ್ನು ಮಾತ್ರ.

ಈ ಲೆಕ್ಕವನ್ನು ಹಿಂದುಮುಂದಾಗಿ ಮಾಡಿದರೆ ಉಷ್ಣಮಾಪಕವೇ ಅಣುಗಳ ತಕ್ಕಡಿಯಾಗುವುದು. ಜರ್ಮನಿಯ ಅರ್ನ್ಸ್ಟ್ ಬೆಕ್‌ಮನ್ನನು ಐದಾರು ಡಿಗ್ರಿಗಳ ವ್ಯಾಪ್ತಿಯೊಳಗೆ ಡಿಗ್ರಿಯ ನೂರನೆಯ ಒಂದು ಪಾಲನ್ನು ತೋರಿಸುವ ಉಷ್ಣಮಾಪಕವನ್ನು ರಚಿಸಿದುದು ಇಂತಹ ಕೆಲಸಕ್ಕಾಗಿಯೇ. ಗಂಧಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಪರಮಾಣುಭಾರ 32. ಸುಮಾರು 46 ಡಿಗ್ರಿಯಲ್ಲಿ ಕುದಿಯುವ ಕಾರ್ಬನ್ ಡೈಸಲ್ಫೈಡ್ ಎಂಬ ದ್ರವದಲ್ಲಿ ಅದು ಚೆನ್ನಾಗಿ ಕರಗುವುದು. ಆ ದ್ರವದ ಸ್ಥಿರಾಂಕ ಸುಮಾರು 2.35. ಒಂದು ಕಿಲೋಗ್ರಾಂ ದ್ರವದಲ್ಲಿ 12.8 ಗ್ರಾಂ ಗಂಧಕವು ಬಿಡಿ ಪರಮಾಣುಗಳಾಗಿ ಕರಗಿದ್ದರೆ ಏರಿಕೆಯು 0.94 ಡಿಗ್ರಿಯಾಗಬೇಕು. ಕಾಣಬರುವುದು ಸುಮಾರು 0.12 ಮಾತ್ರ. 12.8ನ್ನು 2.35ರಿಂದ ಗುಣಿಸಿ 0.12ರಿಂದ ಭಾಗಿಸಿದರೆ ಸುಮಾರು 250 ಬರುವುದು. 32ರ ಅಪವರ್ತ್ಯಗಳಲ್ಲಿ ಇದಕ್ಕೆ ಅತ್ಯಂತ ಸಮೀಪವಾದುದು 256, ಎಂದರೆ ಎಂಟರಷ್ಟು. ಗಂಧಕದ ಅಣುವಿನಲ್ಲಿ ಎಂಟು ಪರಮಾಣುಗಳು ಕೂಡಿರುವುವೆಂಬುದು ಹೀಗೆ ಕುದಿಯುವ ಪಾತ್ರೆಯಿಂದಲೇ ತಿಳಿಯುವುದು.

ಇಲ್ಲಿ ಏರಿಕೆಯು ನಿರೀಕ್ಷೆಗಿಂತ ಕಡಮೆಯಾಯಿತು. ಅಡಿಗೆಯ ಉಪ್ಪಿನಲ್ಲಿ ಇದಕ್ಕೆ ವಿಪರೀತವಾಗಿ ಕಾಣುವುದು. ಅದರ ಒಂದು ಮೋಲ್ 58.44 ಗ್ರಾಂ. ಒಂದು ಕಿಲೋಗ್ರಾಂ ನೀರಿನಲ್ಲಿ ಅದನ್ನು ಕರಗಿಸಿದರೆ 0.51 ಡಿಗ್ರಿಯ ಏರಿಕೆಯಾಗಬೇಕಾಗಿದ್ದಿತು. ಆಗುವುದು ಒಂದು ಡಿಗ್ರಿಗೆ ಸ್ವಲ್ಪವೇ ಕಡಮೆ. ನಿಯಮವೇ ತಪ್ಪೆ? ಅಥವಾ ಎಣಿಕೆ ತಪ್ಪೆ? ಹಾಲೆಂಡಿನ ವಾಂಟ್ ಹಾಫನು ಇಂತಹ ವಸ್ತುಗಳಿಗಾಗಿ ತನ್ನ ಸಮೀಕರಣದಲ್ಲಿ ಒಂದು ಗುಣಕವನ್ನು ಸೇರಿಸಿಕೊಂಡನು. ಅದರ ಕಾರಣವನ್ನು ಅವನು ಅರಿಯದಿದ್ದನು. ಕಾರಣವನ್ನು ಹೇಳಿದವನು ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್. 1884ರಲ್ಲಿ ದ್ರಾವಣಗಳ ವಿದ್ಯುದ್ವಾಹಕತೆಯನ್ನು ಕುರಿತು ಅವನು ಬರೆದ ಪ್ರಬಂಧಕ್ಕೆ ಉಪ್ಸಾಲಾ ವಿಶ್ವವಿದ್ಯಾನಿಲಯವು ಕೆಳದರ್ಜೆಯನ್ನಷ್ಟೇ ಕೊಟ್ಟಿದ್ದಿತು. 1887ರಲ್ಲಿ ಅವನು ಆ ವಿಚಾರವನ್ನು ಮುಂದುವರಿಸಿ, ಉಪ್ಪು ನೀರಿನಲ್ಲಿ ಕರಗಿದೊಡನೆಯೇ ಸೋಡಿಯಂ, ಕ್ಲೋರೈಡ್ ಎಂಬ ವಿದ್ಯುದಾವಿಷ್ಟ ಕಣಗಳಾಗಿ, ಎಂದರೆ ಅಯಾನುಗಳಾಗಿ, ಬೇರ್ಪಡುವುದೆಂದು ವಾದಿಸಿದನು. ಒಂದು ಮೋಲ್ ಉಪ್ಪು ಎರಡು ಮೋಲ್ ಕಣಗಳಾದರೆ ಏರಿಕೆಯು ಇಮ್ಮಡಿಯಾಗುವುದು ಸಹಜವೇ. ನಿಯಮವು ಉಳಿಯಿತು, ಎಣಿಕೆಯನ್ನು ತಿದ್ದಬೇಕಾಯಿತು. ವಿದ್ಯುತ್ತಿನ ಪರೀಕ್ಷೆಯೂ ಉಷ್ಣಮಾಪಕವೂ ಒಂದೇ ಸಾಕ್ಷ್ಯವನ್ನು ನುಡಿದುದರಿಂದ ಈ ವಾದಕ್ಕೆ ಬಲವುಂಟಾಯಿತು. ವಾಂಟ್ ಹಾಫನಿಗೆ 1901ರಲ್ಲಿಯೂ, ಅರ್ಹೇನಿಯಸನಿಗೆ 1903ರಲ್ಲಿಯೂ ನೊಬೆಲ್ ಪಾರಿತೋಷಕವು ದೊರೆಯಿತು. ಏರಿಕೆಯು ಪೂರ್ಣವಾಗಿ ಇಮ್ಮಡಿಯಾಗದೆ ಸ್ವಲ್ಪ ಕಡಮೆಯಾಗಿರುವುದೇಕೆ? ವಿರುದ್ಧ ವಿದ್ಯುತ್ತುಳ್ಳ ಅಯಾನುಗಳು ಪರಸ್ಪರವಾಗಿ ಸೆಳೆಯುವುದೇ ಅದರ ಮುಖ್ಯ ಕಾರಣ. ತೆಳುವಾದ ದ್ರಾವಣಗಳಲ್ಲಿ ಈ ಸೆಳೆತದ ಗಣಿತವನ್ನು ಡಿಬೈ, ಹ್ಯೂಕೆಲ್ ಎಂಬುವರು 1923ರಲ್ಲಿ ನಿರೂಪಿಸಿದರು.

ನಿಯಮದ ಎಲ್ಲೆಯನ್ನೂ ಮರೆಯಲಾಗದು. ದ್ರಾವಣವು ತೆಳುವಾಗಿರಬೇಕು, ದ್ರಾವ್ಯವು ತಾನೇ ಆವಿಯಾಗದಂತಹುದಾಗಿರಬೇಕು. ಮದ್ಯಸಾರವನ್ನು ಸೇರಿಸಿದರೆ ನೀರಿನ ಕುದಿಬಿಂದುವು ಏರುವುದರ ಬದಲು ಇಳಿಯುವುದು. ಗಟ್ಟಿಯಾದ ಪಾಕದ ಉಷ್ಣಮಾನವನ್ನು ಈ ಸರಳಸೂತ್ರವು ಸರಿಯಾಗಿ ಹೇಳಲಾರದು. ಉಪ್ಪು ಹಾಕಿದರೆ ನೀರು ಹೆಚ್ಚು ಕಾದು ಬೇಳೆ ಬೇಗ ಬೇಯುವುದೆಂಬ ನಂಬಿಕೆಗೂ ಇದರಿಂದ ಆಧಾರವು ದೊರೆಯದು: ಒಂದು ಕಿಲೋಗ್ರಾಂ ನೀರಿಗೆ 10 ಗ್ರಾಂ ಉಪ್ಪನ್ನು ಹಾಕಿದರೆ ಏರಿಕೆಯು 0.18 ಡಿಗ್ರಿಯನ್ನೂ ಮುಟ್ಟದು. ಬೇಳೆಯ ಪಾಲಿಗೆ ಅದು ಶೂನ್ಯಕ್ಕೆ ಸಮಾನ. ಆದರೆ ಉಪ್ಪು ನೀರಿನಲ್ಲಿ ಯಾವ ರೂಪದಿಂದಿರುವುದೆಂಬ ಪ್ರಶ್ನೆಗೆ ಉತ್ತರವನ್ನು ಕೊಡಲು ಅಷ್ಟು ಅಲ್ಪವಾದ ಅಂತರವೇ ಸಾಕಾಯಿತು.