ಮನೆಗಂದಾಯದ ರೂಪಾಯಿ ಎಲ್ಲಿಗೆ ಹೋಗುತ್ತದೆ?

ಮಾರ್ಚ್ ತಿಂಗಳು ಬಂತೆಂದರೆ ಹಳ್ಳಿಯ ಮನೆಗಳಿಗೆ ಎರಡು ಬಿಸಿ ತಟ್ಟುತ್ತವೆ. ಒಂದು ಮಕ್ಕಳ ಪರೀಕ್ಷೆಯದು, ಇನ್ನೊಂದು ಪಂಚಾಯಿತಿಯ ಮನೆಗಂದಾಯದ್ದು. ಆರ್ಥಿಕ ವರ್ಷ ಮುಗಿಯುವುದರೊಳಗೆ ಬಾಕಿ ವಸೂಲು ಮಾಡಲು ಬಿಲ್ ಕಲೆಕ್ಟರ್ ಬೀದಿ ಬೀದಿ ಸುತ್ತುತ್ತಾರೆ. ದೀಪ ಉರಿಯುವುದಿಲ್ಲ, ನಲ್ಲಿಯಲ್ಲಿ ನೀರಿಲ್ಲ, ಕಂದಾಯ ಏಕೆ ಕಟ್ಟಬೇಕು ಎಂಬುದು ಜಗಲಿಯ ವಾದ. ಕಂದಾಯವೇ ಬಾರದಿದ್ದರೆ ದೀಪ ಹಾಕಿಸುವುದು ಹೇಗೆ ಎಂಬುದು ಕಚೇರಿಯ ವಾದ. ಎರಡರಲ್ಲೂ ನಿಜವಿದೆ. ಆದರೆ ಈ ತೆರಿಗೆಯನ್ನು ಯಾರು, ಯಾವ ಲೆಕ್ಕದಲ್ಲಿ ಗೊತ್ತುಮಾಡುತ್ತಾರೆ, ಕಟ್ಟಿದ ಹಣ ಯಾವ ಬಾಬ್ತಿಗೆ ಸೇರುತ್ತದೆ ಎಂಬುದನ್ನು ತಿಳಿದು ವಾದಿಸುವವರು ಎರಡೂ ಕಡೆ ಕಡಿಮೆ.

ಕಂದಾಯ ಒಂದಲ್ಲ, ಹಲವು

ಹಾಸನ ಜಿಲ್ಲೆ ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಹೋಬಳಿಯ ಒಂದು ರೈತ ಕುಟುಂಬವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅವರ ಗದ್ದೆ, ತೋಟಗಳ ಭೂಕಂದಾಯ ಸೇರುವುದು ರಾಜ್ಯ ಸರ್ಕಾರದ ಕಂದಾಯ ಇಲಾಖೆಗೆ; ಅದರ ದಾಖಲೆ ಪಹಣಿ. ಊರೊಳಗಿನ ಮನೆ, ಅಂಗಡಿ, ಖಾಲಿ ನಿವೇಶನಗಳ ತೆರಿಗೆ ಸೇರುವುದು ಗ್ರಾಮ ಪಂಚಾಯಿತಿಗೆ. ಅದೇ ಕುಟುಂಬ ಮಕ್ಕಳ ಓದಿಗೆಂದು ಹೊಳೆನರಸೀಪುರ ಪಟ್ಟಣದಲ್ಲಿ ಮನೆ ಕಟ್ಟಿಸಿದ್ದರೆ ಅದರ ತೆರಿಗೆ ಪುರಸಭೆಗೆ. ಚನ್ನರಾಯಪಟ್ಟಣದಲ್ಲೂ ಪುರಸಭೆಯೇ, ಅರಕಲಗೂಡಿನಲ್ಲಿ ಪಟ್ಟಣ ಪಂಚಾಯಿತಿ.

ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳು ಹೆಸರಿನಲ್ಲಿ ದೊಡ್ಡವು. ಆದರೆ ಮನೆಯ ಮೇಲೆ ತೆರಿಗೆ ಹಾಕುವ ಅಧಿಕಾರ ಅವಕ್ಕಿಲ್ಲ. ಸರ್ಕಾರದ ಅನುದಾನವೇ ಅವುಗಳ ಆಧಾರ. ಹಳ್ಳಿಗಾಡಿನ ಮೂರು ಹಂತದ ಆಡಳಿತದಲ್ಲಿ ಸ್ವಂತ ತೆರಿಗೆ ಇರುವುದು ಎಲ್ಲಕ್ಕಿಂತ ಕೆಳಗಿನ ಗ್ರಾಮ ಪಂಚಾಯಿತಿಗೆ ಮಾತ್ರ. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಪಂಚಾಯಿತಿಗಳಿಗೆ ತೆರಿಗೆ ಹಾಕುವ ಅಧಿಕಾರವನ್ನು ರಾಜ್ಯಗಳು ಕಾನೂನಿನ ಮೂಲಕ ಕೊಡಬಹುದೆಂದು ಅದರ 243 ಎಚ್ ವಿಧಿ ಹೇಳುತ್ತದೆ. ಕರ್ನಾಟಕದ ಪಂಚಾಯತ್ ರಾಜ್ ಅಧಿನಿಯಮವೂ 1993ರದೇ. ಅದರ 199ನೇ ಪ್ರಕರಣ ಗ್ರಾಮ ಪಂಚಾಯಿತಿಗೆ ಈ ಅಧಿಕಾರ ಕೊಟ್ಟಿದೆ.

ದರ ನಿಗದಿ ಹೇಗೆ?

ಪಂಚಾಯಿತಿ ಮನಸ್ಸಿಗೆ ಬಂದಷ್ಟು ತೆರಿಗೆ ಹಾಕುವಂತಿಲ್ಲ. ದರದ ಮಿತಿಯನ್ನು ಕಾಯ್ದೆಯ ಅನುಸೂಚಿ ಹಾಕಿಕೊಟ್ಟಿದೆ. ಆ ಬೇಲಿಯೊಳಗೆ ದರ ಗೊತ್ತುಮಾಡುವುದು ಪಂಚಾಯಿತಿಯ ಕೆಲಸ. ಮನೆ ಹೆಂಚಿನದೋ ಆರ್‌ಸಿಸಿಯದೋ, ಉದ್ದ ಅಗಲ ಎಷ್ಟು, ಬಾಡಿಗೆಗೆ ಕೊಟ್ಟರೆ ವರ್ಷಕ್ಕೆಷ್ಟು ಬಂದೀತು ಎಂಬ ಅಂದಾಜಿನ ಮೇಲೆ ಹಿಂದೆ ಲೆಕ್ಕ ಹಾಕುತ್ತಿದ್ದರು. ಈಚಿನ ತಿದ್ದುಪಡಿಗಳು ನಿವೇಶನ ಮತ್ತು ಕಟ್ಟಡದ ಬೆಲೆಯನ್ನೇ ಆಧಾರವಾಗಿ ಹಿಡಿದಿವೆ. ವಾಸದ ಮನೆಗೆ ಒಂದು ದರವಾದರೆ ವ್ಯಾಪಾರದ ಮಳಿಗೆಗೆ ಹೆಚ್ಚಿನ ದರ. ಪೂಜಾಸ್ಥಳಗಳಂಥ ಕೆಲವು ಕಟ್ಟಡಗಳಿಗೆ ವಿನಾಯಿತಿ ಉಂಟು.

ತೆರಿಗೆಯ ಪಟ್ಟಿ ತಯಾರಾದ ಮೇಲೆ ಅದನ್ನು ಪ್ರಕಟಿಸಿ, ಆಕ್ಷೇಪಣೆ ಕರೆಯಬೇಕು. ಹತ್ತು ಅಂಕಣದ ಮನೆಗೂ ಎರಡು ಅಂಕಣದ ಮನೆಗೂ ಒಂದೇ ತೆರಿಗೆ ಬಿದ್ದಿದ್ದರೆ ಕೇಳಬೇಕಾದ ಸಮಯ ಅದೇ. ಪಟ್ಟಿ ಅಂಟಿಸಿದಾಗ ಓದದೆ, ಬಿಲ್ ಕೈಗೆ ಬಂದಾಗ ಕೂಗಾಡಿದರೆ ಪ್ರಯೋಜನ ಕಡಿಮೆ.

ಪಟ್ಟಣದ ಕ್ರಮ ಬೇರೆ. ಅಲ್ಲಿ 2002ರಿಂದ ಸ್ವಯಂ ಘೋಷಣೆಯ ಪದ್ಧತಿ ಇದೆ. ಮನೆಯ ಅಳತೆ, ವಯಸ್ಸು, ಬಳಕೆಯನ್ನು ಮಾಲೀಕರೇ ನಮೂದಿಸಿ ತೆರಿಗೆ ಲೆಕ್ಕ ಹಾಕಿ ಕಟ್ಟುತ್ತಾರೆ. ವರ್ಷದ ಮೊದಲಲ್ಲೇ ಕಟ್ಟಿದವರಿಗೆ ಶೇ 5 ರಿಯಾಯಿತಿ, ತಡಮಾಡಿದವರಿಗೆ ದಂಡ.

ಪೋಷಕರು ನೆನಪಿಡಬೇಕಾದ ಮಾತೊಂದಿದೆ. ಕಂದಾಯದ ರಸೀದಿ ಇದ್ದ ಮಾತ್ರಕ್ಕೆ ಆಸ್ತಿ ತಮ್ಮದೆಂದು ಸಿದ್ಧವಾಗುವುದಿಲ್ಲ. ಅದು ತೆರಿಗೆ ಕಟ್ಟಿದ್ದಕ್ಕೆ ಸಾಕ್ಷಿ ಅಷ್ಟೆ. ಒಡೆತನಕ್ಕೆ ಕ್ರಯಪತ್ರ, ವಿಭಾಗಪತ್ರ, ಹಕ್ಕುಪತ್ರದಂಥ ದಾಖಲೆ ಬೇಕು.

ರಸೀದಿಯೊಳಗಿನ ನಾಲ್ಕು ಕರ

ಮನೆಗಂದಾಯದ ರಸೀದಿಯನ್ನು ಬಿಡಿಸಿ ನೋಡಿದರೆ ತೆರಿಗೆಯ ಜೊತೆಗೆ ನಾಲ್ಕು ಉಪಕರಗಳು ಸಿಗುತ್ತವೆ. ತೆರಿಗೆಯ ಮೇಲೆ ಆರೋಗ್ಯ ಕರ ಶೇ 15, ಶಿಕ್ಷಣ ಕರ ಶೇ 10, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಪುನರ್ವಸತಿಯ ಕರ ಶೇ 3. ಒಟ್ಟು ಶೇ 34. ಇವು ಪಂಚಾಯಿತಿಯ ಸ್ವಂತ ಹಣವಲ್ಲ. ವಸೂಲು ಮಾಡಿ ಆಯಾ ಬಾಬ್ತಿಗೆ ಕಟ್ಟಬೇಕಾದದ್ದು. ಭಿಕ್ಷಾಟನೆ ನಿಷೇಧ ಕಾಯ್ದೆ 1975ರದು, ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು.

ವಿದ್ಯಾರ್ಥಿಗಳೇ ಈ ಲೆಕ್ಕ ಮಾಡಿ ನೋಡಬಹುದು. ಒಂದು ಊರಿನಲ್ಲಿ 500 ಮನೆ, ಪ್ರತಿ ಮನೆಗೆ 400 ರೂಪಾಯಿ ತೆರಿಗೆ ಎಂದು ಸುಮ್ಮನೆ ಹಿಡಿಯೋಣ. ಉಪಕರ 136 ಸೇರಿ ಪ್ರತಿ ಮನೆ ಕಟ್ಟಬೇಕಾದದ್ದು 536 ರೂಪಾಯಿ. ಅದರಲ್ಲಿ ಗ್ರಂಥಾಲಯದ ಪಾಲು 24 ರೂಪಾಯಿ. ಎಲ್ಲರೂ ಕಟ್ಟಿದರೆ ಪಂಚಾಯಿತಿಗೆ 2 ಲಕ್ಷ, ಗ್ರಂಥಾಲಯದ ಬಾಬ್ತಿಗೆ 12,000 ರೂಪಾಯಿ. 300 ಮನೆಯವರು ಮಾತ್ರ ಕಟ್ಟಿದರೆ ಪಂಚಾಯಿತಿಗೆ 1 ಲಕ್ಷ 20 ಸಾವಿರ, ಗ್ರಂಥಾಲಯಕ್ಕೆ 7,200. ಒಂದೊಂದು ಮನೆಗೆ 24 ರೂಪಾಯಿ ಏನೂ ಅಲ್ಲ. ಊರಿಗೆ ಅದು ಒಂದು ಕಪಾಟು ಪುಸ್ತಕದ ಬೆಲೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹಳ್ಳಿಯ ಹುಡುಗ ಹುಡುಗಿಯರಿಗೆ ಇದು ಸಣ್ಣ ವಿಷಯವಲ್ಲ.

ಖರ್ಚಿನ ಅಧಿಕಾರ ಯಾರದು?

ಪಂಚಾಯಿತಿಯ ತಿಜೋರಿಗೆ ಬರುವ ಹಣದಲ್ಲಿ ಬಹುಪಾಲು ಸರ್ಕಾರದ ಅನುದಾನ. ಆದರೆ ಅನುದಾನಕ್ಕೆ ಮೂಗುದಾರ ಇರುತ್ತದೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021-22ರಿಂದ 2025-26ರವರೆಗೆ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ ಶೇ 40ನ್ನೂ ಸಂಬಳ, ಕಚೇರಿ ವೆಚ್ಚಕ್ಕೆ ಬಳಸುವಂತಿರಲಿಲ್ಲ.

ಬೇಸಿಗೆಯಲ್ಲಿ ಬೋರ್‌ವೆಲ್ ಮೋಟಾರು ಸುಟ್ಟುಹೋದರೆ ಕ್ರಿಯಾಯೋಜನೆ ಮಂಜೂರಾಗಲಿ ಎಂದು ಊರು ಕಾಯಲಾದೀತೆ? ಶಾಲೆಯ ದಾರಿಯ ದೀಪ ಕೆಟ್ಟರೆ, ಮಳೆಗೆ ಚರಂಡಿ ಕಟ್ಟಿಕೊಂಡರೆ ಆ ಕ್ಷಣಕ್ಕೆ ಕೈಗೆ ಸಿಗುವುದು ಸ್ವಂತ ನಿಧಿ, ಅಂದರೆ ಮನೆಗಂದಾಯ, ನೀರಿನ ಕರ, ಸಂತೆ ಸುಂಕ, ಮಳಿಗೆ ಬಾಡಿಗೆಗಳ ಹಣ. ಅದರಲ್ಲೂ ಸುಮಾರು ಕಾಲು ಭಾಗ ಪರಿಶಿಷ್ಟ ಜಾತಿ, ಪಂಗಡಗಳ ಅಭಿವೃದ್ಧಿಗೆ, ಶೇ 5 ಅಂಗವಿಕಲರ ಕಲ್ಯಾಣಕ್ಕೆ ಮೀಸಲು. ಉಳಿದದ್ದನ್ನು ಎಲ್ಲಿ ಖರ್ಚು ಮಾಡಬೇಕೆಂದು ಊರೇ ತೀರ್ಮಾನಿಸಬಹುದು. ಮೊತ್ತ ಚಿಕ್ಕದು, ಸ್ವಾತಂತ್ರ್ಯ ದೊಡ್ಡದು.

ಇಲ್ಲೇ ತೊಡಕೂ ಇದೆ. ದರ ಏರಿಸಬೇಕಾದ ಸದಸ್ಯರು ಅದೇ ಬೀದಿಯಲ್ಲಿ ಮತ ಕೇಳಬೇಕಾದವರು. ದಿನವೂ ಎದುರಾಗುವ ನೆಂಟರು, ಒಡನಾಡಿಗಳು. ಹೀಗಾಗಿ ದರ ಪರಿಷ್ಕರಣೆ ಮುಂದೆ ಹೋಗುತ್ತದೆ, ಬಾಕಿ ಬೆಳೆಯುತ್ತದೆ, ಕಟ್ಟುವವರೂ ಕೈ ಹಿಂದೆಗೆಯುತ್ತಾರೆ. ಇನ್ನೊಂದು ಕಡೆ, ವಸೂಲಾದ ಉಪಕರವನ್ನು ಸಂಬಂಧಪಟ್ಟ ಬಾಬ್ತಿಗೆ ಕಟ್ಟದೆ ಉಳಿಸಿಕೊಂಡಿರುವುದನ್ನು ಲೆಕ್ಕ ಪರಿಶೋಧನಾ ವರದಿಗಳು ಆಕ್ಷೇಪಿಸುತ್ತ ಬಂದಿವೆ. ಕಟ್ಟದವರ ತಪ್ಪು ಕಟ್ಟಿಸಿಕೊಂಡವರ ತಪ್ಪನ್ನು ಮುಚ್ಚಬಾರದು. ಅದರ ತಪ್ಪನ್ನು ಇದೂ ಮುಚ್ಚಬಾರದು.

ಕೇಳುವ ಹಕ್ಕು

ಲೆಕ್ಕ ಕೇಳಲು ಊರಿನವರಿಗೆ ಜಾಗವಿದೆ. ಗ್ರಾಮ ಸಭೆಗೆ ಊರಿನ ಮತದಾರರೆಲ್ಲರೂ ಸದಸ್ಯರೇ. ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯಲ್ಲಿ ಪಂಚಾಯಿತಿಯ ಲೆಕ್ಕಪತ್ರ, ನಡೆದ ಕಾಮಗಾರಿಗಳನ್ನು ಜನರ ಮುಂದಿಡಬೇಕು. ಮತದಾನದ ವಯಸ್ಸಾಗದ ವಿದ್ಯಾರ್ಥಿಗಳಿಗೂ ಮಕ್ಕಳ ಗ್ರಾಮ ಸಭೆ ಇದೆ. ಶಾಲೆಯ ಶೌಚಾಲಯ, ಬಸ್ ನಿಲ್ದಾಣದ ದಾರಿಯ ದೀಪ, ಗ್ರಂಥಾಲಯದ ಪುಸ್ತಕ ಎಲ್ಲವನ್ನೂ ಅಲ್ಲಿ ಕೇಳಬಹುದು.

ಇದಕ್ಕೆ ದೊಡ್ಡ ತಯಾರಿ ಬೇಕಿಲ್ಲ. ಈ ವರ್ಷದ ಬೇಡಿಕೆ ಎಷ್ಟು, ವಸೂಲಾದದ್ದೆಷ್ಟು, ಗ್ರಂಥಾಲಯದ ಬಾಬ್ತಿಗೆ ಕಟ್ಟಿದ್ದೆಷ್ಟು ಎಂಬ ಮೂರು ಪ್ರಶ್ನೆ ಸಾಕು. ಕಂದಾಯ ಕಟ್ಟಿದ ಮನೆಯ ಮಕ್ಕಳು ರಸೀದಿ ಹಿಡಿದು ಎದ್ದು ನಿಂತು ಕೇಳಿದರೆ ಸಭೆ ಕಿವಿಗೊಡಲೇಬೇಕಾಗುತ್ತದೆ. ಪೌರನೀತಿಯ ಪಾಠ ಪುಸ್ತಕದಲ್ಲಿದೆ. ಅದರ ಅಭ್ಯಾಸ ಊರಿನ ಪಂಚಾಯಿತಿ ಕಟ್ಟೆಯಲ್ಲಿ ಕಾದಿದೆ.