ಬುಟ್ಟಿಗೆ ಮುಂಚಿನ ಕೆಲಸ

ಬುಟ್ಟಿ ಹೆಣೆಯುವುದನ್ನು ನಿಂತು ನೋಡಿದವರು ಬಹಳ ಮಂದಿ. ಬುಟ್ಟಿಗೆಂದು ಬಿದಿರು ಸೀಳುವುದನ್ನು ನೋಡಿದವರು ಕಡಿಮೆ. ಹೆಣಿಗೆಯಲ್ಲಿ ಬೆರಳುಗಳ ಓಟ ಕಣ್ಣಿಗೆ ಹಬ್ಬ. ಸೀಳುವುದರಲ್ಲಿ ಅಂಥ ಬೆಡಗಿಲ್ಲ. ಆದರೆ ನಮ್ಮೂರಿನ ಮೇದರ ಕೇರಿಯಲ್ಲಿ ಎಷ್ಟೋ ರಜೆಯ ಮಧ್ಯಾಹ್ನಗಳನ್ನು ಕಳೆದ ನನಗೆ, ಬುಟ್ಟಿಯ ಒಳಿತು ಕೆಡಕು ತೀರ್ಮಾನವಾಗುವುದು ಕತ್ತಿಯ ಬಾಯಲ್ಲಿಯೇ ಎಂದು ತೋರಿದೆ.

ಬಿದಿರು ಮರವಲ್ಲ, ಹುಲ್ಲು. ಮಳೆಗಾಲದಲ್ಲಿ ನೆಲದಿಂದೆದ್ದ ಕಳಲೆ ಕೆಲವೇ ತಿಂಗಳಲ್ಲಿ ತನ್ನ ಪೂರ್ಣ ಎತ್ತರವನ್ನು ಮುಟ್ಟುತ್ತದೆ. ಆಮೇಲೆ ಎಷ್ಟು ವರ್ಷ ನಿಂತರೂ ದಪ್ಪವಾಗುವುದಿಲ್ಲ. ಹೀಗಾಗಿ ಗಾತ್ರ ನೋಡಿ ಗಳದ ವಯಸ್ಸನ್ನು ಹೇಳಲಾಗದು. ಮೈಬಣ್ಣವನ್ನು ನೋಡಬೇಕು, ಗೆಣ್ಣಿನ ಹಾಳೆ ಉದುರಿದೆಯೇ ಎಂದು ನೋಡಬೇಕು, ತಟ್ಟಿ ದನಿ ಕೇಳಬೇಕು. ತೀರ ಎಳೆಯದು ಒಣಗಿದಾಗ ಸುಕ್ಕುತ್ತದೆ. ಚೆನ್ನಾಗಿ ಬಲಿತದ್ದು ಏಣಿಗೆ, ಚಪ್ಪರಕ್ಕೆ ಯೋಗ್ಯವೇ ಹೊರತು ಬಾಗಿಸಿದರೆ ಮುರಿಯುತ್ತದೆ. ಬುಟ್ಟಿಗೆ ಬೇಕಾದದ್ದು ಇವೆರಡರ ನಡುವಣ ಪ್ರಾಯ. ಕಡಿಯುವುದು ಮಳೆ ಹಿಂದಾದ ಮೇಲೆ, ಅದೂ ಕೃಷ್ಣಪಕ್ಷದಲ್ಲಿ ಎಂಬ ನಂಬಿಕೆಯುಂಟು. ಚಂದ್ರನ ಮಾತು ಹೇಗಾದರೂ ಇರಲಿ, ಗಳದಲ್ಲಿ ಪಿಷ್ಟ ಹೆಚ್ಚಿರುವಾಗ ಕಡಿದರೆ ಕುಟ್ಟೆಹುಳು ಬೇಗ ಬೀಳುವುದಂತೂ ದಿಟ.

ಇನ್ನು ಸೀಳುವ ಬಗೆ. ಗಳದ ಒಂದು ತುದಿಗೆ ಕತ್ತಿಯನ್ನಿಟ್ಟು ಕೊಡತಿಯಿಂದ ಒಂದು ಪೆಟ್ಟು ಕೊಟ್ಟರೆ ಬಿರುಕು ಮೂಡುತ್ತದೆ. ಅಲ್ಲಿಂದ ಮುಂದೆ ಕತ್ತಿ ಕೊಯ್ಯುವುದಿಲ್ಲ, ದಾರಿ ತೋರಿಸುತ್ತದೆ ಅಷ್ಟೆ. ಬಿದಿರು ತನ್ನ ನಾರಿನ ಗುಂಟ ತಾನೇ ಬಿಚ್ಚಿಕೊಳ್ಳುತ್ತದೆ. ಗೆಣ್ಣು ಬಂದಾಗ ಮಾತ್ರ ಅಡ್ಡಿ. ಅಲ್ಲಿ ನಾರುಗಳು ಒಂದನ್ನೊಂದು ತೊಡರಿಕೊಂಡಿರುತ್ತವೆ. ಇನ್ನೊಂದು ಪೆಟ್ಟು, ಒಂದು ಸಿಡಿಯುವ ಸದ್ದು, ಮತ್ತೆ ಸಲೀಸು. ಎರಡು ಹೋಳು, ನಾಲ್ಕು, ಎಂಟು: ಯಾವಾಗಲೂ ಸರಿಯರ್ಧ. ಎರಡು ಕಡೆಯೂ ಸಮತೂಕವಿದ್ದರೆ ಬಿರುಕು ನಡುವೆಯೇ ಸಾಗುತ್ತದೆ. ಒಂದು ಕಡೆ ತೆಳುವಾದರೆ ಅತ್ತಲೇ ಜಾರಿ ದಬ್ಬೆ ಹಾಳಾಗುತ್ತದೆ.

ಜಾರತೊಡಗಿದ ಬಿರುಕನ್ನು ಹಿಂದಕ್ಕೆ ತರುವುದಾದರೂ ಹೇಗೆ? ತೆಳುವಾದ ಕಡೆಯನ್ನು ಎಳೆಯಬೇಕೆಂದು ನಮಗೆ ತೋರಬಹುದು. ಕೇರಿಯ ಮುದುಕರೊಬ್ಬರು ನಕ್ಕು, “ದಪ್ಪ ಇರೋ ಕಡೀನೇ ಬಗ್ಗಿಸಬೇಕು, ಮೇಷ್ಟ್ರೇ. ಸೀಳು ಬಾಗಿದ್ದರ ಕಡೆಗೇ ಬರುತ್ತೆ” ಎಂದರು. ಹಾಗೆಯೇ ಮಾಡಿಯೂ ತೋರಿಸಿದರು. ದಪ್ಪನೆಯ ಹೋಳು ಹೆಚ್ಚು ಬಾಗಿದೊಡನೆ ಬಿರುಕು ಅದರೊಳಕ್ಕೆ ತಿರುಗಿ ಮತ್ತೆ ನಡುವಿಗೆ ಬಂತು. ಯಂತ್ರಶಾಸ್ತ್ರದ ಪಾಠವೊಂದನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಮುಂದಿನದು ಇದಕ್ಕಿಂತ ಸೂಕ್ಷ್ಮ: ಅಗಲಕ್ಕೆ ಸೀಳಿದ್ದನ್ನು ದಪ್ಪದಲ್ಲಿ ಪದರ ಬಿಡಿಸುವುದು. ಬಿದಿರಿನ ನಾರೆಲ್ಲ ಹೊರಮೈಯ ಕಡೆಗೆ ಒತ್ತಾಗಿ ಸೇರಿರುತ್ತದೆ; ಒಳಗೆ ಹೋದಂತೆ ಮೆದು. ಹಸಿರು ಸಿಪ್ಪೆಯಂಟಿದ ಪದರವೇ ಗಟ್ಟಿ. ಬುಟ್ಟಿಯ ಬಾಯಿಗೆ, ಮೊರದ ಅಂಚಿಗೆ ಅದೇ ಬೇಕು. ಅದರಲ್ಲಿ ಮರಳಿನ ಜಾತಿಯ ಸಿಲಿಕ ಇರುವುದರಿಂದ ಕತ್ತಿ ಬೇಗ ಮೊಂಡಾಗುತ್ತದೆ. ಸಾಣೆಕಲ್ಲು ಕೈಗೆಟಕುವಲ್ಲೇ ಇರಬೇಕು. ಒಳಗಿನ ತಿರುಳು ಒಲೆಗೆ. ಬಿಡಿಸಿದ ಪದರದ ಅಂಚು ಹೆರೆದು, ನೀರಿನಲ್ಲಿ ನೆನೆಸಿದ ಮೇಲಷ್ಟೇ ಹೆಣಿಗೆಯ ಮಾತು.

ಹನ್ನೆರಡನೆಯ ಶತಮಾನದ ಶರಣ ಮೇದರ ಕೇತಯ್ಯನ ಕಾಯಕ ಇದೇ. ಅವನ ವಚನಗಳನ್ನು ತರಗತಿಯಲ್ಲಿ ಪಾಠ ಮಾಡುವ ನಾವು ಅವನ ಕತ್ತಿಯನ್ನು ಒಮ್ಮೆಯಾದರೂ ವಿದ್ಯಾರ್ಥಿಗಳ ಕೈಗೆ ಕೊಟ್ಟರೆ ತಪ್ಪೇನು?

ಈಗ ಕತ್ತಿ ಉಂಟು, ಬಿದಿರಿಗೆ ಬರ. ೧೯೨೭ರ ಅರಣ್ಯ ಕಾಯಿದೆ ಈ ಹುಲ್ಲನ್ನು ಮರವೆಂದು ಎಣಿಸಿತು. ‘ಮರ’ ಎಂಬುದರ ವ್ಯಾಖ್ಯೆಯಿಂದ ಬಿದಿರನ್ನು ತೆಗೆದು, ಕಾಡಿನ ಹೊರಗೆ ಬೆಳೆದದ್ದಕ್ಕೆ ಬಿಡುಗಡೆ ಕೊಟ್ಟದ್ದು ೨೦೧೭ರಲ್ಲಿ. ನಡುವೆ ಭದ್ರಾವತಿಯಲ್ಲಿ ೧೯೩೦ರ ದಶಕದಲ್ಲಿಯೂ ದಾಂಡೇಲಿಯಲ್ಲಿ ೧೯೫೦ರ ದಶಕದಲ್ಲಿಯೂ ಕಾಗದದ ಕಾರ್ಖಾನೆಗಳೆದ್ದು, ಬುಟ್ಟಿಯಾಗುತ್ತಿದ್ದ ಬಿದಿರು ಕಾಗದವಾಗತೊಡಗಿತು. (ಈ ಬರಹವೂ ಕಾಗದದ ಮೇಲೆಯೇ ಅಚ್ಚಾಗುತ್ತದೆಂಬುದನ್ನು ನಾನು ಮರೆತಿಲ್ಲ.) ಕಡಿಯಲು ಅನುಕೂಲವಾಗಲೆಂದು ಹೆಬ್ಬಿದಿರಿನ ಮೆಳೆಯ ಬುಡದ ಮುಳ್ಳನ್ನೆಲ್ಲ ಸವರುವ ರೂಢಿ ಬಂತು. ಹಾಗೆ ಮಾಡಿದರೆ ಕಳಲೆ ಉಳಿಯದೆಂದು ಹಳ್ಳಿಯವರು ಹೇಳಿದರು. ೧೯೭೦ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಉತ್ತರ ಕನ್ನಡದಲ್ಲಿ ಪರೀಕ್ಷಿಸಿ ನೋಡಿದಾಗ ಆ ಮಾತೇ ನಿಜವಾಯಿತು: ಮುಳ್ಳಿನ ಬೇಲಿಯಿಲ್ಲದ ಎಳೆಯ ಕಳಲೆ ದನಕರುಗಳ, ಕಾಡುಮೃಗಗಳ ಪಾಲಾಗುತ್ತಿತ್ತು.

ಹೆಬ್ಬಿದಿರು ಸುಮಾರು ನಲವತ್ತು ನಲವತ್ತೈದು ವರ್ಷಕ್ಕೊಮ್ಮೆ ಸೀಮೆಗೆ ಸೀಮೆಯೇ ಹೂಬಿಟ್ಟು, ಬಿದಿರಕ್ಕಿ ಸುರಿಸಿ, ಸಾಯುತ್ತದೆ. ಮೇದರನೊಬ್ಬನ ದುಡಿಮೆಯ ಆಯುಷ್ಯದಲ್ಲಿ ಇದು ಒಮ್ಮೆ ಬರುವ ಕಾಲ. ಬಿದ್ದ ಬೀಜ ಮೊಳೆತು, ಮೆಳೆಯಾಗಿ, ಕತ್ತಿಗೆ ತಕ್ಕ ಗಳವನ್ನು ಕೊಡಲು ಎಷ್ಟೋ ವರ್ಷ ಹಿಡಿಯುತ್ತದೆ. ಅದುವರೆಗೆ ಬೇರೆ ಸೀಮೆಯಿಂದ ಲಾರಿಯಲ್ಲಿ ಬಂದ ಗಳಗಳನ್ನು ಕೊಳ್ಳಬೇಕು. ಕೊಳ್ಳುವ ಮುನ್ನ ಒಂದೊಂದನ್ನೂ ತಟ್ಟಿ ದನಿ ಕೇಳಬೇಕು.