ಮೋಟಾರಿನ ಮುಂಗಾಜೂ ವಿಮೆಯ ಲೆಕ್ಕವೂ

ಕಳೆದ ಕಾರ್ತಿಕದಲ್ಲಿ ನಾವು ಕಾರ್ಯನಿಮಿತ್ತವಾಗಿ ತುಮಕೂರಿನಿಂದ ಶಿರಾದ ಕಡೆಗೆ ಪ್ರಯಾಣ ಮಾಡುತ್ತಿದ್ದಾಗ, ಮುಂದೆ ಹೋಗುತ್ತಿದ್ದ ಟಿಪ್ಪರು ಲಾರಿಯೊಂದರಿಂದ ನೆಲ್ಲಿಕಾಯಿ ಗಾತ್ರದ ಜಲ್ಲಿಕಲ್ಲು ಸಿಡಿದು ನಮ್ಮ ಕಾರಿನ ಮುಂಗಾಜಿಗೆ ಬಡಿಯಿತು. ಲಾರಿಯ ಮೇಲೆ ಟಾರ್ಪಾಲು ಹೊದಿಸಿರಲಿಲ್ಲವೆಂಬುದನ್ನು ಬೇರೆ ಹೇಳಬೇಕಾದುದಿಲ್ಲ. ತುಪಾಕಿ ಹಾರಿಸಿದಂತಹ ಸದ್ದಾಯಿತು. ಕಣ್ಣೆದುರಿಗೇ ಗಾಜಿನ ತುಂಬ ಜೇಡರ ಬಲೆಯಂತೆ ಬಿರುಕು ಹಬ್ಬಿತು. ಆದರೆ ಒಂದು ಚೂರೂ ಒಳಕ್ಕೆ ಬೀಳಲಿಲ್ಲ. ಇಪ್ಪತ್ತು ವರ್ಷಗಳಿಂದ ನಮ್ಮಲ್ಲಿರುವ ಚಾಲಕನ ಕಣ್ಣುಗಳು ಉಳಿದುವು.

ಈ ರಕ್ಷಣೆಗೆ ನಾವು ಋಣಿಗಳಾಗಬೇಕಾದುದು ಎಡ್ವಾರ್ಡ್ ಬೆನೆಡಿಕ್ಟಸ್ ಎಂಬ ಫ್ರೆಂಚ್ ರಸಾಯನಜ್ಞನಿಗೆ. ಪ್ರಯೋಗಶಾಲೆಯಲ್ಲಿ ಆತನ ಕೈಜಾರಿ ಬಿದ್ದ ಗಾಜಿನ ಪಾತ್ರೆಯೊಂದು ಒಡೆದರೂ ಚೂರುಚೂರಾಗಲಿಲ್ಲವೆಂದೂ, ಒಳಮೈಯಲ್ಲಿ ಒಣಗಿ ಅಂಟಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆಯೇ ಅದಕ್ಕೆ ಕಾರಣವೆಂದು ಆತನು ಕಂಡುಕೊಂಡನೆಂದೂ ಪ್ರಸಿದ್ಧವಾದ ಕಥೆಯುಂಟು. 1909ರಲ್ಲಿ ಆತನು ಇದಕ್ಕೆ ಪೇಟೆಂಟು ಪಡೆದನು. ಇಂದಿನ ಮುಂಗಾಜುಗಳಲ್ಲಿ ಎರಡು ಹಾಳೆಗಳ ನಡುವೆ ಇರುವುದು ಪಾಲಿವಿನೈಲ್ ಬ್ಯುಟಿರಾಲ್ ಎಂಬ ಪೊರೆ. ದಪ್ಪದಲ್ಲಿ ಅದು ಒಂದು ಮಿಲಿಮೀಟರಿಗೂ ಕಡಮೆ.

ಗಾಜು ಒಡೆದ ಮೇಲೆ ಗೃಹಸ್ಥನ ಮುಂದೆ ಎರಡು ದಾರಿಗಳು. ಕಾರನ್ನು ಮಾರಿದ ಅಧಿಕೃತ ಡೀಲರನ ಕಾರ್ಖಾನೆಗೆ ಒಯ್ಯುವುದು ಒಂದು. ಸ್ವತಂತ್ರವಾಗಿ ಗಾಜು ಕೂಡಿಸುವವರಲ್ಲಿಗೆ ಹೋಗುವುದು ಇನ್ನೊಂದು. ನಮ್ಮ ಡೀಲರನು ಹೇಳಿದ ಬೆಲೆಗೂ ಪೇಟೆಯ ಅಂಗಡಿಯವನು ಹೇಳಿದ ಬೆಲೆಗೂ ಸುಮಾರು ಅರ್ಧಕ್ಕರ್ಧ ವ್ಯತ್ಯಾಸವಿದ್ದಿತು. “ಅಸಲಿ ಗಾಜು ನಮ್ಮಲ್ಲಿ ಮಾತ್ರ” ಎಂದು ಡೀಲರನ ಗುಮಾಸ್ತನು ಗಂಭೀರವಾಗಿ ನುಡಿದನು. ಈ ‘ಅಸಲಿ’ ಎಂಬ ಶಬ್ದವನ್ನು ಸ್ವಲ್ಪ ಪರೀಕ್ಷಿಸಬೇಕಾಗಿದೆ.

ಕಾರು ತಯಾರಿಸುವವರು ಸಾಮಾನ್ಯವಾಗಿ ಗಾಜನ್ನು ತಾವೇ ಮಾಡುವುದಿಲ್ಲ. ನಮ್ಮ ದೇಶದಲ್ಲಿ ಅಸಾಹಿ ಇಂಡಿಯಾ ಗ್ಲಾಸ್, ಸೇಂಟ್ ಗೋಬೈನ್ ಸೆಕುರಿಟ್ ಮೊದಲಾದ ಕಂಪೆನಿಗಳು ಅದನ್ನು ಮಾಡಿ ಅವರಿಗೆ ಒದಗಿಸುತ್ತವೆ. ಕಾರಿನ ಕಂಪೆನಿಯ ಮುದ್ರೆಯಿರುವ ಗಾಜೂ ಗಾಜಿನ ಕಂಪೆನಿಯ ಮುದ್ರೆ ಮಾತ್ರವಿರುವ ಗಾಜೂ ಒಬ್ಬನೇ ತಯಾರಕನಿಂದ ಬಂದಿರುವುದು ಅಪರೂಪವಲ್ಲ. ಆದುದರಿಂದ ನೋಡಬೇಕಾದುದು ಅಂಗಡಿಯ ಫಲಕವನ್ನಲ್ಲ, ಗಾಜಿನ ಮೂಲೆಯಲ್ಲಿರುವ ಅಚ್ಚನ್ನು. ತಯಾರಕನ ಹೆಸರೂ, ಐ.ಎಸ್. 2553 ಎಂಬ ಭಾರತೀಯ ಮಾನಕದ ಗುರುತೂ ಅಲ್ಲಿ ಇರಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮದ ಪ್ರಕಾರ ಮುಂಗಾಜು ಪೊರೆಯುಳ್ಳ ಸುರಕ್ಷಾ ಗಾಜೇ ಆಗಿರಬೇಕು, ಮತ್ತು ನೂರಕ್ಕೆ 70 ಪಾಲಿಗೆ ಕಡಮೆಯಿಲ್ಲದಂತೆ ಬೆಳಕನ್ನು ಒಳಗೆ ಬಿಡಬೇಕು.

ಡೀಲರರ ಈ ಏಕಸ್ವಾಮ್ಯದ ಪ್ರಶ್ನೆ ನ್ಯಾಯಪೀಠವನ್ನೂ ಮುಟ್ಟಿದೆ. ಬಿಡಿಭಾಗಗಳೂ ದುರಸ್ತಿಯ ಉಪಕರಣಗಳೂ ಸ್ವತಂತ್ರ ಕಾರ್ಖಾನೆಗಳಿಗೆ ಸಿಕ್ಕದಂತೆ ತಡೆದರೆಂದು ಭಾರತದ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಮೋಟಾರು ಕಂಪೆನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿಗಳ ದಂಡವನ್ನು ವಿಧಿಸಿತು. ಕಂಪೆನಿಗಳು ಮೇಲ್ಮನವಿಯ ಮೆಟ್ಟಿಲು ಹತ್ತಿದುವು. ಅದು ಬೇರೆ ಮಾತು.

ಇಷ್ಟನ್ನು ಓದಿಕೊಂಡು ನಾವು, ಪೇಟೆಯ ಅಂಗಡಿಯೇ ಲೇಸೆಂದು ತೀರ್ಮಾನಿಸಿ ಕಾರನ್ನು ಅಲ್ಲಿಗೆ ಕಳುಹಿಸಿದೆವು. ಗಾಜು ಒಳ್ಳೆಯದೇ, ಮುದ್ರೆಯೂ ಸರಿಯಾಗಿಯೇ ಇದ್ದಿತು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿ “ಹೊರಡಬಹುದು ಸ್ವಾಮಿ” ಎಂದರು. ವಾರದೊಳಗೆ ಬಂದ ಮಳೆಯಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ನೀರು ತೊಟ್ಟಿಕ್ಕತೊಡಗಿತು. ಬೇರೊಬ್ಬ ಕುಶಲಿಯನ್ನು ಕರೆಸಿ ಗಾಜನ್ನು ಎತ್ತಿಸಿದಾಗ ನಿಜಸ್ಥಿತಿ ತಿಳಿಯಿತು. ಹಳೆಯ ಅಂಟನ್ನು ಕೆತ್ತುವಾಗ ಚೌಕಟ್ಟಿನ ಬಣ್ಣವನ್ನೂ ಕೆತ್ತಿದ್ದರು. ಅದಕ್ಕೆ ಪ್ರೈಮರನ್ನು ಬಳಿದಿರಲಿಲ್ಲ. ಒಂದು ಕಡೆ ಆಗಲೇ ತುಕ್ಕು ಹಿಡಿಯಲು ಆರಂಭವಾಗಿತ್ತು. ಆ ಅಂಗಡಿಯನ್ನು ಹೆಸರಿಸಿ ಫಲವಿಲ್ಲ. ಇನ್ನೂ ವಿನೋದದ ಸಂಗತಿಯೆಂದರೆ, ನಾವು ಎರಡನೆಯ ಸಲ ಕರೆಸಿದ ಕುಶಲಿಯು ಆ ಡೀಲರನ ಕಾರ್ಖಾನೆಗೂ ಗುತ್ತಿಗೆಯ ಮೇಲೆ ಹೋಗಿ ಗಾಜು ಕೂಡಿಸುವವನೇ ಆಗಿದ್ದನು. ಅಲ್ಲಿ ನಾವು ಎರಡರಷ್ಟು ತೆತ್ತಿದ್ದರೂ ನಮಗೆ ದೊರೆಯುತ್ತಿದ್ದುದು ಇವನ ಕೈಯೇ.

ಈ ಕೈಗೆಲಸವು ಕೇವಲ ನೀರು ಸೋರದಂತೆ ನೋಡಿಕೊಳ್ಳುವ ವಿಷಯವಲ್ಲವೆಂಬುದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಇಂದಿನ ಕಾರುಗಳಲ್ಲಿ ಮುಂಗಾಜು ಯುರಿಥೇನ್ ಎಂಬ ಅಂಟಿನಿಂದ ಒಡಲಿಗೆ ಬೆಸೆದುಕೊಂಡು ಅದರ ಒಂದು ಅಂಗವೇ ಆಗಿರುತ್ತದೆ. ಕಾರು ಮಗುಚಿದಾಗ ಮಾಡು ಕುಸಿಯದಂತೆ ಅದು ಆಸರೆಯಾಗುತ್ತದೆ. ಎಡಗಡೆ ಕುಳಿತವರ ಗಾಳಿಚೀಲವು ಅನೇಕ ಕಾರುಗಳಲ್ಲಿ ಮೇಲಕ್ಕೆ ಉಬ್ಬಿ ಗಾಜಿಗೆ ಒರಗಿಯೇ ಅವರ ಕಡೆಗೆ ತಿರುಗುತ್ತದೆ. ಅಂಟು ಬಲಿಯದಿದ್ದರೆ ಆ ಏಟಿಗೆ ಗಾಜೇ ಕಳಚಿ ಹೊರಕ್ಕೆ ಹೋಗಬಹುದು, ಚೀಲವಿದ್ದೂ ಇಲ್ಲದಂತಾಗುತ್ತದೆ. ಅಂಟು ಬಲಿಯಲು ಎಷ್ಟು ಹೊತ್ತು ಬೇಕೆಂಬುದು ಅಂಟಿನ ಜಾತಿಯನ್ನೂ ಗಾಳಿಯ ತೇವ ಉಷ್ಣಗಳನ್ನೂ ಅವಲಂಬಿಸಿದೆ. ಕೆಲವಕ್ಕೆ ಒಂದು ಗಂಟೆ ಸಾಕು, ಕೆಲವಕ್ಕೆ ಹಲವು ಗಂಟೆಗಳು ಬೇಕು. ಅದು ಅಂಟಿನ ಕೊಳವೆಯ ಮೇಲೆಯೇ ಮುದ್ರಿತವಾಗಿರುವುದುಂಟು. ಕೇಳಿ ಓದಿಸಿಕೊಳ್ಳುವುದರಲ್ಲಿ ಸಂಕೋಚವೇಕೆ? ನಮ್ಮ ಚಾಲಕನು ಆ ಅರ್ಧ ಗಂಟೆಯ ಗಾಜಿನ ಹಿಂದೆ ಒಂದು ವಾರ ಕಾರು ನಡೆಸಿದನಲ್ಲಾ ಎಂದು ನೆನೆದರೆ ನಮಗೆ ಈಗಲೂ ಸಮಾಧಾನವಿಲ್ಲ.

ಡೀಲರನ ಬಳಿಗೆ ಹೋಗಲೇಬೇಕಾದ ಸಂದರ್ಭವೂ ಒಂದಿದೆ. ಗಾಜಿನ ಹಿಂದೆ ಕ್ಯಾಮರಾ ಕೂಡಿಸಿ, ಅದರ ಮೂಲಕ ತಾನೇ ಬ್ರೇಕು ಹಾಕುವ, ರಸ್ತೆಯ ಗೆರೆಯನ್ನು ಕಾಯುವ ಹೊಸ ಕಾರುಗಳಲ್ಲಿ ಗಾಜನ್ನು ಬದಲಿಸಿದ ತರುವಾಯ ಆ ಕ್ಯಾಮರಾದ ದೃಷ್ಟಿಯನ್ನು ಮರಳಿ ಸರಿಹೊಂದಿಸಬೇಕು. ಅದರ ಯಂತ್ರಸಾಧನಗಳು ಇಲ್ಲದವನು ಎಷ್ಟೇ ಕುಶಲನಾದರೂ ಆ ಕಾರಿಗೆ ಕೈಹಾಕಬಾರದು.

ಇನ್ನು ವಿಮೆ. ಕಾನೂನು ಕಡ್ಡಾಯ ಮಾಡಿರುವ ಮೂರನೆಯವರ ವಿಮೆಯೊಂದನ್ನೇ ಮಾಡಿಸಿದವರಿಗೆ ಗಾಜಿನ ಬಾಬ್ತು ಒಂದು ಕಾಸೂ ಬರುವುದಿಲ್ಲ. ಸ್ವಂತ ನಷ್ಟದ ವಿಮೆಯೂ ಸೇರಿದ ಸಮಗ್ರ ಪಾಲಿಸಿಯಿದ್ದರೆ ಗಾಜಿಗೆ ಒಂದು ವಿಶೇಷ ಸೌಕರ್ಯವುಂಟು: ರಬ್ಬರು, ಪ್ಲಾಸ್ಟಿಕ್ಕುಗಳಿಗೆ ಸವಕಳಿಯೆಂದು ನೂರಕ್ಕೆ 50ನ್ನು ಮುರಿದುಕೊಳ್ಳುವ ಪದ್ಧತಿಯಿದ್ದರೂ ಗಾಜಿಗೆ ಸವಕಳಿಯಿಲ್ಲ. ಮಾಲಿಕನು ಕೈಯಿಂದ ಹಾಕಬೇಕಾದ ಕಡ್ಡಾಯದ ಮೊಬಲಗು ಮಾತ್ರ ಕಳೆಯುತ್ತದೆ, 1500 ಸಿ.ಸಿ. ವರೆಗಿನ ಖಾಸಗಿ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000.

ಹಾಗಾದರೆ ಕ್ಲೇಮು ಹಾಕುವುದೇ ಲಾಭವೆಂದು ತೋರುವುದು ಸಹಜ. ಇಲ್ಲಿಯೇ ಅನೇಕರು ಮೋಸಹೋಗುತ್ತಾರೆ. ಕ್ಲೇಮಿಲ್ಲದೆ ಕಳೆದ ವರ್ಷಗಳಿಗೆ ಸ್ವಂತ ನಷ್ಟದ ಪ್ರೀಮಿಯಮ್ಮಿನಲ್ಲಿ ನೂರಕ್ಕೆ 20, 25, 35, 45, ಐದನೆಯ ವರ್ಷದಿಂದ 50ರಂತೆ ಬೋನಸ್ಸು ಕಳೆಯುತ್ತಾರಷ್ಟೆ. ಒಂದು ಕ್ಲೇಮು ಬಿದ್ದರೆ ಇದು ಶೂನ್ಯಕ್ಕೆ ಇಳಿದು ಮತ್ತೆ ಮೊದಲ ಮೆಟ್ಟಿಲಿನಿಂದ ಏರಬೇಕು. ಪ್ರೀಮಿಯಮ್ಮು 8,000 ಎಂದು ಇಟ್ಟುಕೊಳ್ಳೋಣ, ಬೋನಸ್ಸು 50ಕ್ಕೆ ಮುಟ್ಟಿದೆ. ಗಾಜಿನ ಬಿಲ್ಲು 6,000. ಕಂಪೆನಿ ಕೊಡುವುದು 5,000. ಮುಂದಿನ ಐದು ವರ್ಷಗಳಲ್ಲಿ ಕೈಬಿಟ್ಟುಹೋಗುವ ಬೋನಸ್ಸು ಕ್ರಮವಾಗಿ 4,000, 2,400, 2,000, 1,200, 400, ಒಟ್ಟು 10,000. ಕಾರು ಹಳೆಯದಾದಂತೆ ಪ್ರೀಮಿಯಮ್ಮು ತಗ್ಗುವುದರಿಂದ ಈ ಮೊತ್ತವು ಕೊಂಚ ಇಳಿಯಬಹುದು, ಆದರೂ ಐದು ಸಾವಿರ ಪಡೆದವನು ಅದಕ್ಕಿಂತ ಹೆಚ್ಚನ್ನೇ ತೆರುತ್ತಾನೆ. ಕ್ಯಾಮರಾದ ಗಾಜು ಹತ್ತಾರು ಸಾವಿರ ಬೆಲೆಬಾಳುವುದಾದರೆ, ಅಥವಾ ಬೋನಸ್ಸನ್ನು ಕಾಪಾಡುವ ಹೆಚ್ಚುವರಿ ರಕ್ಷಣೆಯನ್ನು ಮೊದಲೇ ಕೊಂಡಿದ್ದರೆ, ಲೆಕ್ಕ ತಿರುಗಿ ಬೀಳುತ್ತದೆ.

ಕ್ಲೇಮು ಹಾಕುವವರು ಗಾಜನ್ನು ಬಿಚ್ಚಿಸುವ ಮೊದಲೇ ಕಂಪೆನಿಗೆ ತಿಳಿಸಿ, ಅವರ ಕಡೆಯವರು ನೋಡುವ ತನಕ ತಡೆಯಬೇಕು. ಬಿಚ್ಚಿದ ಮೇಲೆ ಬರುವ ತಕರಾರುಗಳಿಗೆ ಮಿತಿಯಿಲ್ಲ. ಡೀಲರನಲ್ಲಿಗೆ ಹೋದರೆ ಮಾತ್ರ ವಿಮೆ ಸಲ್ಲುವುದೆಂಬ ಮಾತನ್ನು ಪಾಲಿಸಿಯಲ್ಲಿ ಓದಿ ನೋಡದೆ ನಂಬಬಾರದು. ಕಂಪೆನಿಗಳ ನಗದುರಹಿತ ಪಟ್ಟಿಯಲ್ಲಿ ಸ್ವತಂತ್ರ ಗಾಜಿನ ಅಂಗಡಿಗಳೂ ಇರುವುದುಂಟು. ನ್ಯಾಯವಾದ ಕ್ಲೇಮನ್ನು ಕಂಪೆನಿ ತಳ್ಳಿಹಾಕಿ, ಅಲ್ಲಿಯ ದೂರಿಗೆ ಒಂದು ತಿಂಗಳಲ್ಲಿ ಉತ್ತರವೂ ಬಾರದಿದ್ದರೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ನರ ಕಚೇರಿಯಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಗಾಜಿಗೆ ಅಂಟಿಸಿದ ಫಾಸ್ಟ್ಯಾಗು ಹಳೆಯ ಗಾಜಿನೊಡನೆಯೇ ಹೋಗುತ್ತದೆಂಬುದನ್ನೂ ಮರೆಯಬಾರದು. ನಾವು ಮರೆತು ಸುಂಕದ ಕಟ್ಟೆಯಲ್ಲಿ ಎರಡರಷ್ಟು ತೆತ್ತೆವು.

ಚಿಕ್ಕ ನಾಣ್ಯದಷ್ಟು ಅಗಲದ ಚಕ್ಕೆ ಮಾತ್ರ ಎದ್ದಿದ್ದು, ಅದು ಚಾಲಕನ ನೇರ ದೃಷ್ಟಿಗೆ ಅಡ್ಡಬಾರದಿದ್ದರೆ, ಗಾಜನ್ನು ಬದಲಿಸದೆ ರಾಳವನ್ನು ಒಳಕ್ಕೆ ಒತ್ತಿ ಸರಿಪಡಿಸಬಹುದು. ಅದಕ್ಕೆ ಮೊದಲು ಧೂಳೂ ನೀರೂ ಸೇರದಂತೆ ಸ್ವಚ್ಛವಾದ ಅಂಟುಪಟ್ಟಿಯನ್ನು ಮೇಲೆ ಹಚ್ಚಿಟ್ಟುಕೊಂಡರೆ ಸಾಕು.

ನಮ್ಮ ಮಟ್ಟಿಗೆ, ಕ್ಲೇಮು ಹಾಕದೆ ಎರಡನೆಯ ಕುಶಲಿಗೆ ಕೈಯಿಂದಲೇ ಹಣ ಕೊಟ್ಟೆವು. ಆತನು ತುಕ್ಕನ್ನು ಉಜ್ಜಿ, ಪ್ರೈಮರು ಬಳಿದು, ಗಾಜನ್ನು ಕೂಡಿಸಿ, ಸಾಯಂಕಾಲದ ತನಕ ಕಾರಿನ ಬೀಗದ ಕೈಯನ್ನು ತನ್ನ ಜೇಬಿನಲ್ಲಿಯೇ ಇಟ್ಟುಕೊಂಡಿದ್ದನು. ಆ ಟಿಪ್ಪರಿನ ನಂಬರನ್ನು ನಮ್ಮ ಚಾಲಕನು ಅಂದೇ ಗುರುತು ಹಾಕಿಕೊಂಡಿದ್ದಾನೆ. ಕೆಸರು ಮೆತ್ತಿದ್ದುದರಿಂದ ಕೊನೆಯ ಎರಡು ಅಂಕಿಗಳು ಮಾತ್ರ ಕಂಡುವಂತೆ.